ನಿಮ್ಮ ಲೇಖನ ಏಳನೇ ಪುಟದಲ್ಲಿ ಶುರುವಾಗುತ್ತದೆ

ಮಾನ್ಯ ಮೇಷ್ಟ್ರಿಗೆ,

ನಮಸ್ಕಾರ. ‘ಕಂಪ್ಯೂಟರ್ ಜಾಲ: ಆರಂಭಿಕರಿಗೆ ಒಂದು ಪರಿಚಯ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಹಾಗಂತ ಕೈಬಿಡುವ ಮನಸ್ಸೂ ಇಲ್ಲ. ಏಳನೇ ಪುಟದ ಕೊನೆಯಲ್ಲಿ ನೀವು ಆರೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿರುವ ಪ್ರಸಂಗವೇ ಅದಕ್ಕೆ ಕಾರಣ. ನಿಮ್ಮ ಶಾಲೆಯ ಲ್ಯಾಬಿನಲ್ಲಿ ಕರೆಂಟು ಹೋಗಿ ಬಂತು. ಹತ್ತೂ ಕಂಪ್ಯೂಟರು ಸರಿಯಾಗಿದ್ದವು, ನೆಟ್ಟೂ ಬರುತ್ತಿತ್ತು, ಪ್ರಿಂಟರ್ ಮಾತ್ರ ಸ್ಪಂದಿಸಲಿಲ್ಲ. ಮಕ್ಕಳ ಹಾಲ್ ಟಿಕೆಟ್ ಅವತ್ತೇ ಪ್ರಿಂಟ್ ಆಗಬೇಕಿತ್ತು. ಅರ್ಧ ದಿನ ಕೇಬಲ್ ಕಿತ್ತು, ಮತ್ತೆ ಚುಚ್ಚಿ ನೋಡಿದಿರಿ. 192.168.1.5 ಎಂದಿದ್ದ ಪ್ರಿಂಟರಿನ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ನಂಬರ್, 192.168.1.9 ಆಗಿದೆ ಅನ್ನುವುದು ಸಂಜೆ ಹೊತ್ತಿಗೆ ಗೊತ್ತಾಯಿತು.

ಲೇಖನ ಅಲ್ಲಿಂದ ಶುರುವಾಗಬೇಕು.

ಅದಕ್ಕೂ ಮೊದಲಿನ ಆರು ಪುಟಗಳಲ್ಲಿ ಏನಿದೆ? ಕಟ್ಟಡದೊಳಗಿನ, ನಗರದಷ್ಟಿನ, ಅದನ್ನೂ ಮೀರಿದ ಜಾಲಗಳಾದ ಲ್ಯಾನ್, ಮ್ಯಾನ್, ವ್ಯಾನ್‌ಗಳ ವ್ಯಾಖ್ಯೆ. ಬಸ್, ರಿಂಗ್, ಸ್ಟಾರ್ ಜೋಡಣೆಗಳ ಚಿತ್ರ. ಜಾಲದ ಕೆಲಸವನ್ನು ಹಂತ ಹಂತವಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳು ಪದರ. ಪರೀಕ್ಷೆ ಬರೆಯುವವರಿಗೆ ಇದೆಲ್ಲ ಬೇಕು, ಒಪ್ಪುತ್ತೇನೆ. ಆದರೆ ನೀವು ‘ಆರಂಭಿಕರಿಗೆ’ ಎಂದು ತಲೆಬರಹದಲ್ಲೇ ಹಾಕಿದ್ದೀರಿ. ಆ ಓದುಗರು ಮ್ಯಾನ್ ಎಂದರೇನು ಎಂದು ಕೇಳಿಕೊಂಡು ಬರುವುದಿಲ್ಲ. ‘ವೈಫೈ ಫುಲ್ ತೋರಿಸ್ತಿದೆ, ನೆಟ್ ಯಾಕೆ ಇಲ್ಲ?’ ಎಂದು ಕೇಳಿಕೊಂಡು ಬರುತ್ತಾರೆ. ಆ ಗೆರೆಗಳು ಫೋನಿಗೂ ಮನೆಯೊಳಗೆ ನೆಟ್ ಹಂಚುವ ಪೆಟ್ಟಿಗೆಯಾದ ರೌಟರಿಗೂ ನಡುವಿನ ಮಾತಷ್ಟೇ, ರೌಟರಿನಿಂದ ಆಚೆ ಹೋಗುವ ಫೈಬರ್ ಎಲ್ಲೋ ತುಂಡಾಗಿದ್ದರೆ ಗೆರೆಗಳಿಗೆ ಅದು ತಿಳಿಯುವುದೇ ಇಲ್ಲ, ಎಂಬ ಒಂದು ವಾಕ್ಯ ಅವರ ಕೈಗೆ ಸಿಕ್ಕರೆ ವೈಫೈ ಬೇರೆ, ಇಂಟರ್ನೆಟ್ ಬೇರೆ ಅನ್ನುವುದು ಮತ್ತೆ ಮರೆಯುವುದಿಲ್ಲ. ನಿಮ್ಮ ಆರು ಪುಟಗಳಲ್ಲಿ ಈ ವಾಕ್ಯ ಇಲ್ಲ.

ಈಗ ಪ್ರಿಂಟರಿಗೆ ಬರೋಣ. ಅದೊಂದರಿಂದ ಎಷ್ಟು ವಿಷಯ ಹೊರಡುತ್ತದೆ ನೋಡಿ. ವಿಳಾಸ ಯಾಕೆ ಬದಲಾಯಿತು? ಜಾಲಕ್ಕೆ ಸೇರುವ ಪ್ರತಿ ಯಂತ್ರವೂ ‘ನನಗೊಂದು ನಂಬರ್ ಕೊಡಿ’ ಎಂದು ಕೂಗುತ್ತದೆ, ರೌಟರ್ ತನ್ನ ಬಳಿ ಖಾಲಿ ಇರುವುದರಲ್ಲಿ ಒಂದನ್ನು ಇಂತಿಷ್ಟು ಹೊತ್ತಿಗೆಂದು ಕೊಡುತ್ತದೆ. ಇದೇ ಡಿಎಚ್‌ಸಿಪಿ. ಕರೆಂಟು ಹೋದಾಗ ಯಾರಿಗೆ ಏನು ಕೊಟ್ಟಿದ್ದೆ ಎಂಬ ಪಟ್ಟಿಯನ್ನು ಅನೇಕ ಸಣ್ಣ ರೌಟರುಗಳು ಮರೆತುಬಿಡುತ್ತವೆ. ಬಂದಾಗ ಎಲ್ಲ ಯಂತ್ರಗಳೂ ಒಟ್ಟಿಗೆ ಎದ್ದು ಕೇಳುತ್ತವೆ, ಹಂಚಿಕೆ ಅದಲುಬದಲಾಗುತ್ತದೆ. ಹಾಗಾದರೆ ರೌಟರಿಗೆ ಇದೇ ಪ್ರಿಂಟರ್ ಎಂದು ಗುರುತು ಹಿಡಿಯುವ ದಾರಿ ಇಲ್ಲವೇ? ಇದೆ. ತಯಾರಿಸುವಾಗಲೇ ಯಂತ್ರಕ್ಕೆ ಕೊಟ್ಟ 48 ಬಿಟ್‌ನ (ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕಿ) ಮ್ಯಾಕ್ ವಿಳಾಸ. ಆ ಗುರುತಿಗೆ ಈ ನಂಬರನ್ನೇ ಕಾಯ್ದಿಡು ಎಂದು ರೌಟರಿನ ಸೆಟ್ಟಿಂಗಿನಲ್ಲಿ ಒಮ್ಮೆ ಬರೆದಿಟ್ಟರೆ ಮುಗಿಯಿತು. ನೀವು ಕೊನೆಗೆ ಹೀಗೇ ಮಾಡಿದಿರಿ ಎಂದುಕೊಳ್ಳುತ್ತೇನೆ, ಲೇಖನದಲ್ಲಿ ಅದು ಇಲ್ಲ. ಓದುಗರಿಗೆ ಬೇಕಾದದ್ದು ಅದೇ.

ನಿಮ್ಮದೇ ಈ ಅನುಭವ ನಿಮ್ಮದೇ ಮೂರನೇ ಪುಟವನ್ನು ಸುಳ್ಳು ಮಾಡುತ್ತಿದೆ. ‘ಐಪಿ ವಿಳಾಸವು ಪ್ರತಿ ಕಂಪ್ಯೂಟರಿಗೂ ಜಗತ್ತಿನಲ್ಲೇ ವಿಶಿಷ್ಟವಾದ, ಶಾಶ್ವತವಾದ ಸಂಖ್ಯೆ’ ಎಂದು ಅಲ್ಲಿ ಬರೆದಿದ್ದೀರಿ. ಶಾಶ್ವತವಲ್ಲ ಎಂದು ಪ್ರಿಂಟರ್ ತೋರಿಸಿತು. ವಿಶಿಷ್ಟವೂ ಅಲ್ಲ. 192.168ರಿಂದ ಶುರುವಾಗುವ ವಿಳಾಸಗಳು ಜಗತ್ತಿನ ಲೆಕ್ಕವಿಲ್ಲದಷ್ಟು ಮನೆ, ಶಾಲೆ, ಕಚೇರಿಗಳಲ್ಲಿ ಏಕಕಾಲಕ್ಕೆ ಇವೆ. ಹಳೆಯ ಐಪಿವಿ4 ವಿಳಾಸ 32 ಬಿಟ್ ಉದ್ದದ್ದು. ಎಲ್ಲ ಸೇರಿ ಸುಮಾರು 429 ಕೋಟಿ ವಿಳಾಸ. ಪ್ರಪಂಚದ ಜನಸಂಖ್ಯೆಯೇ 800 ಕೋಟಿ ದಾಟಿದೆ, ಒಬ್ಬೊಬ್ಬರ ಬಳಿ ಎರಡು ಮೂರು ಯಂತ್ರ. ಅದಕ್ಕೇ ಕೆಲವು ವಿಳಾಸಗಳನ್ನು ಮನೆಯೊಳಗಿನ ಬಳಕೆಗೆಂದೇ ಬಿಟ್ಟುಕೊಟ್ಟಿದ್ದಾರೆ. ಒಳಗಿನ ಹತ್ತು ಯಂತ್ರಗಳೂ ಹೊರಗೆ ಹೋಗುವಾಗ ರೌಟರಿನ ಒಂದೇ ವಿಳಾಸದಲ್ಲಿ ಹೋಗುತ್ತವೆ, ಬಂದ ಉತ್ತರ ಯಾರದ್ದೆಂದು ರೌಟರ್ ನೆನಪಿಟ್ಟುಕೊಂಡು ಒಳಗೆ ಹಂಚುತ್ತದೆ. ಹೊಸದಾಗಿ ಹಂಚಲು ಇದ್ದ ಐಪಿವಿ4ರ ಕೊನೆಯ ದೊಡ್ಡ ಕಟ್ಟುಗಳು 2011ರ ಫೆಬ್ರವರಿಯಲ್ಲೇ ಖಾಲಿಯಾದವು. 128 ಬಿಟ್‌ನ ಐಪಿವಿ6 ಬೇಕಾದದ್ದು ಯಾಕೆ ಎಂದು ಇಲ್ಲಿಗೆ ಓದುಗರಿಗೆ ತಾನಾಗಿಯೇ ತಿಳಿಯುತ್ತದೆ.

ತಿದ್ದಲೇಬೇಕಾದ ಇನ್ನಷ್ಟು ತಪ್ಪುಗಳಿವೆ. ಅವುಗಳಲ್ಲಿ ಒಂದು ಅಪಾಯಕಾರಿ, ಅದನ್ನೇ ಮೊದಲು ಹೇಳುತ್ತೇನೆ. ‘ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ಆ ತಾಣವನ್ನು ನಂಬಬಹುದು’ ಎಂದು ಬರೆದಿದ್ದೀರಿ. ಖಂಡಿತ ಇಲ್ಲ. ನಿಮಗೂ ಆ ಹೆಸರಿನ ತಾಣಕ್ಕೂ ನಡುವಿನ ದಾರಿಯಲ್ಲಿ ಬೇರೆಯವರು ಓದಲಾರರು, ತಿದ್ದಲಾರರು ಎಂದಷ್ಟೇ ಬೀಗ ಹೇಳುತ್ತದೆ. ಆ ಕಡೆ ಕೂತವರು ಯಾರು, ಅವರ ಉದ್ದೇಶವೇನು ಎಂದು ಹೇಳುವುದಿಲ್ಲ. ಬ್ಯಾಂಕಿನ ಹೆಸರಿನಲ್ಲಿ ಒಂದು ಅಕ್ಷರ ಬದಲಿಸಿ ತಾಣ ಮಾಡಿದ ಮೋಸಗಾರನಿಗೂ ಈ ಬೀಗ ಪುಕ್ಕಟೆಯಾಗಿ ಸಿಗುತ್ತದೆ. ಪಿಂಚಣಿ ಹಣ ಫೋನಿಗೆ ಬರುವ ಕಾಲ ಇದು. ನಿಮ್ಮ ಮಾತು ನಂಬಿ ಯಾರಾದರೂ ಒಟಿಪಿ ಹಾಕಿದರೆ ಆ ಹೊಣೆ ನಮ್ಮಿಬ್ಬರದ್ದೂ. ‘ಸುರಕ್ಷಿತವಲ್ಲ’ ಎಂದು ಬ್ರೌಸರ್ ಎಚ್ಚರಿಸಿದರೆ ಹೋಗಬೇಡಿ, ಬೀಗ ಇದ್ದರೂ ಹೆಸರನ್ನು ಅಕ್ಷರ ಅಕ್ಷರ ಓದಿ. ಹೀಗೆ ಬರೆಯಿರಿ.

ಉಳಿದವನ್ನು ಬೇಗ ಹೇಳುತ್ತೇನೆ. 100 ಎಂಬಿಪಿಎಸ್ ಲೈನಿನಲ್ಲಿ 100 ಎಂಬಿ ಫೈಲು ಒಂದು ಸೆಕೆಂಡಿಗೆ ಇಳಿಯುವುದಿಲ್ಲ. ಎಂಬಿಪಿಎಸ್‌ನಲ್ಲಿ ಇರುವುದು ಬಿಟ್, ಫೈಲಿನ ಅಳತೆ ಬೈಟ್. ಎಂಟು ಬಿಟ್ ಸೇರಿ ಒಂದು ಬೈಟ್, ಹಾಗಾಗಿ ಕಡಿಮೆಯೆಂದರೂ ಎಂಟು ಸೆಕೆಂಡು. ವಿದೇಶದ ತಾಣಗಳು ಉಪಗ್ರಹದ ಮೂಲಕ ಬರುತ್ತವೆ ಎಂದಿದ್ದೀರಿ. ಬಹುಪಾಲು ಬರುವುದು ಮುಂಬೈ, ಚೆನ್ನೈ ತೀರಗಳಲ್ಲಿ ದಡ ಸೇರುವ ಸಮುದ್ರದಡಿಯ ಗಾಜಿನ ಎಳೆಗಳಲ್ಲಿ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ನೇರ ಲೆಕ್ಕದಲ್ಲಿ ಸುಮಾರು 14,000 ಕಿಲೋಮೀಟರ್, ಹೋಗಿ ಬರುವುದಕ್ಕೆ ಸೆಕೆಂಡಿನ ಏಳರಲ್ಲೊಂದು ಭಾಗ ಬೇಕೇಬೇಕು. ಎಷ್ಟು ದುಡ್ಡಿನ ಪ್ಲಾನ್ ಹಾಕಿಸಿದರೂ ಇದು ಕಡಿಮೆಯಾಗದು. ವೇಗ ಮತ್ತು ವಿಳಂಬ ಬೇರೆ ಬೇರೆ ಎಂದು ತೋರಿಸಲು ಇಷ್ಟು ಸಾಕು.

ಇಂಟರ್ನೆಟ್ಟನ್ನು ಟಿಮ್ ಬರ್ನರ್ಸ್-ಲೀ ಕಂಡುಹಿಡಿದರು ಎಂಬುದೂ ತಪ್ಪು. ಅವರು 1989ರಲ್ಲಿ ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸರ್ನ್‌ನಲ್ಲಿ ಪ್ರಸ್ತಾಪಿಸಿದ್ದು ವೆಬ್, ಅಂದರೆ ಕೊಂಡಿಗಳಿಂದ ಬೆಸೆದ ಪುಟಗಳ ವ್ಯವಸ್ಥೆ. ಆಗಲೇ ಹರಡಿದ್ದ ಜಾಲದ ಮೇಲೆ ಓಡುವ ಒಂದು ಬಳಕೆ ಅದು, ಇಮೇಲ್ ಇನ್ನೊಂದು. ಜಾಲದ ಬೇರು 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಹೋದ ಮೊದಲ ಸಂದೇಶದಲ್ಲಿದೆ. ಇಂಗ್ಲಿಷಿನ ‘ಲಾಗಿನ್’ (LOGIN) ಎಂಬ ಪದದ ಮೊದಲ ಎರಡು ಅಕ್ಷರ, L ಮತ್ತು O, ತಲುಪಿದವು, ಮೂರನೆಯದಕ್ಕೆ ಆ ಕಡೆಯ ಯಂತ್ರ ಕುಸಿಯಿತು. ನಿಮ್ಮ ಹದಿನೆಂಟು ಇಸವಿಗಳ ಪಟ್ಟಿ ತೆಗೆದು ಇದೊಂದನ್ನು ಇಡಿ. ಜೊತೆಗೆ ಬೇಕಿದ್ದರೆ ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕ 1995ರ ಆಗಸ್ಟ್ 15.

ಹೋಲಿಕೆಗಳ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಇಂಥ ಬರಹ ನಿಲ್ಲುವುದೂ ಬೀಳುವುದೂ ಅದರಲ್ಲೇ. ಜಾಲದಲ್ಲಿ ಮಾಹಿತಿ ಸಾಗುವ ಸಣ್ಣ ತುಂಡಾದ ಪ್ಯಾಕೆಟ್ ರಿಜಿಸ್ಟರ್ಡ್ ಅಂಚೆ ಇದ್ದ ಹಾಗೆ ಎಂದಿದ್ದೀರಿ. ಪ್ಯಾಕೆಟ್ಟನ್ನು ವಿಳಾಸಕ್ಕೆ ಸಾಗಿಸುವ ನಿಯಮವಾದ ಐಪಿ ಯಾವ ರಸೀದಿಯನ್ನೂ ಕೊಡುವುದಿಲ್ಲ, ಪ್ಯಾಕೆಟ್ ದಾರಿಯಲ್ಲಿ ಕಳೆದುಹೋಗಬಹುದು, ಹಿಂದುಮುಂದಾಗಿ ತಲುಪಬಹುದು. ನೀವು ಮಲೆನಾಡಿನವರು. ಹಳೆಯ ತೊಟ್ಟಿಮನೆ ಬಿಚ್ಚಿ ಬೇರೆ ಕಡೆ ಕಟ್ಟುವುದನ್ನು ನೋಡಿರಬಹುದು. ವಿಜಯನಾಥ ಶೆಣೈ ಅವರು ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ಹಾಗೆ ಎಷ್ಟೋ ಮನೆಗಳನ್ನು ಮತ್ತೆ ನಿಲ್ಲಿಸಿದರು. ಕಂಬ, ತೊಲೆ, ಜಂತೆಗೆಲ್ಲ ನಂಬರು ಹಾಕಿ ಬೇರೆ ಬೇರೆ ಲಾರಿಯಲ್ಲಿ ಕಳಿಸಿದರೆ ಯಾವುದು ಮೊದಲು ಬಂದರೂ ನಂಬರು ನೋಡಿ ಜೋಡಿಸಬಹುದು. 3 ಎಂಬಿಯ ಒಂದು ಫೋಟೋ ಸುಮಾರು 1,500 ಬೈಟಿನ ಎರಡು ಸಾವಿರ ತುಂಡುಗಳಾಗಿ ಹೋಗುವುದು ಹೀಗೆ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಹೇಳಿ. ಕಂಬ ಕಳೆದರೆ ಕಳೆಯಿತು, ಇಲ್ಲಿ ಕಳಿಸಿದವರ ಹತ್ತಿರ ಪ್ರತಿ ಇರುತ್ತದೆ, ‘ತಲುಪಿತು’ ಎಂಬ ಸುದ್ದಿ ಬರದಿದ್ದರೆ ಮತ್ತೆ ಕಳಿಸುತ್ತಾರೆ. ಅದು ಐಪಿಯ ಮೇಲೆ ಓಡುವ ಟಿಸಿಪಿ ಎಂಬ ಇನ್ನೊಂದು ನಿಯಮದ ಕೆಲಸ. ವಿಡಿಯೋ ಕರೆಗಳು ಸಾಮಾನ್ಯವಾಗಿ ಹಾಗೆ ಕಾಯುವುದಿಲ್ಲ, ಕಳೆದದ್ದನ್ನು ಬಿಟ್ಟು ಮುಂದೆ ಹೋಗುತ್ತವೆ. ಮುಖ ಚೂರು ಚೂರಾಗಿ ಕಾಣುವುದು ಅದಕ್ಕೇ.

ತಾಣದ ಹೆಸರಿಗೆ ತಕ್ಕ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅಂದರೆ ಫೋನ್ ಡೈರೆಕ್ಟರಿ ಎಂಬ ಮಾತು ಅರ್ಧ ಸರಿ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಈ ವ್ಯವಸ್ಥೆ ರೂಪಿಸುವ ಮೊದಲು ನಿಜಕ್ಕೂ ಒಂದೇ ಫೈಲಿನಲ್ಲಿ ಎಲ್ಲ ಯಂತ್ರಗಳ ಹೆಸರೂ ವಿಳಾಸವೂ ಇರುತ್ತಿದ್ದವು. ಜಾಲ ಬೆಳೆದಂತೆ ಅದು ನಿಭಾಯಿಸಲಾಗದ್ದಾಯಿತು. ಈಗ ನಡೆಯುವುದು ಗೊತ್ತಿಲ್ಲದ ಊರಿನಲ್ಲಿ ಮನೆ ಹುಡುಕಿದ ಹಾಗೆ. ಬಸ್‌ಸ್ಟ್ಯಾಂಡಿನ ಅಂಗಡಿಯವರು ‘ಆ ಕೇರಿಗೆ ಹೋಗಿ ಕೇಳಿ’ ಅನ್ನುತ್ತಾರೆ, ಕೇರಿಯವರು ‘ಹೊಂಗೆ ಮರದ ಪಕ್ಕದ ಮನೆಯಲ್ಲಿ ವಿಚಾರಿಸಿ’ ಅನ್ನುತ್ತಾರೆ, ಅಲ್ಲಿ ಖಚಿತ ಉತ್ತರ ಸಿಗುತ್ತದೆ. ಯಾರೊಬ್ಬರಿಗೂ ಇಡೀ ಊರು ಗೊತ್ತಿರಬೇಕಿಲ್ಲ. ಸಿಕ್ಕ ಉತ್ತರವನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುವುದರಿಂದ, ಒಂದು ತಾಣ ಬೇರೆ ಸರ್ವರಿಗೆ ಹೋದ ದಿನ ಕೆಲವರಿಗೆ ಹೊಸದು, ಕೆಲವರಿಗೆ ಹಳೆಯದು ಕಾಣುತ್ತದೆ.

ಏಳು ಪದರಗಳನ್ನು ಪೂರ್ತಿ ಬಿಡಿ ಎನ್ನಲಾರೆ, ಪಟ್ಟಿಯಾಗಿ ಬೇಡ. ನೆಟ್ ನಿಂತಾಗ ಏನನ್ನು ಯಾವ ಕ್ರಮದಲ್ಲಿ ನೋಡಬೇಕು ಎಂದು ಬರೆಯಿರಿ, ಪದರಗಳು ತಾವೇ ಕಾಣಿಸಿಕೊಳ್ಳುತ್ತವೆ. ಮೊದಲು ಕೇಬಲ್ ಹಾಕಿದ ಜಾಗದ ದೀಪ ಉರಿಯುತ್ತಿದೆಯೇ? ನಂತರ ನಂಬರ್ ಸಿಕ್ಕಿದೆಯೇ? ವಿಂಡೋಸ್ ಕಂಪ್ಯೂಟರಿನಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ, ಕೇಳಿದರೂ ಯಾರೂ ಕೊಡಲಿಲ್ಲ, ತಾನೇ ಹಾಕಿಕೊಂಡಿದೆ ಎಂದರ್ಥ. ನಂಬರ್ ಇದ್ದರೆ ರೌಟರಿಗೆ ಪಿಂಗ್ ಮಾಡಿ (‘ಇದ್ದೀಯಾ?’ ಎಂದು ಕೇಳುವ ಆಜ್ಞೆ ಅದು), ಆಮೇಲೆ ಹೊರಗಿರುವ ಗೂಗಲ್‌ನ 8.8.8.8ಗೆ, ಆಮೇಲೆ ಒಂದು ತಾಣದ ಹೆಸರಿಗೆ. ಮೊದಲೆರಡು ಉತ್ತರಿಸಿ ಹೆಸರು ಮಾತ್ರ ಸಿಗದಿದ್ದರೆ ಲೈನ್ ಚೆನ್ನಾಗಿದೆ, ಕೆಟ್ಟಿರುವುದು ಡಿಎನ್‌ಎಸ್. ಲೈನ್‌ಮ್ಯಾನಿಗೆ ಫೋನ್ ಮಾಡುವ ಮೊದಲೇ ಇಷ್ಟು ಗೊತ್ತಿದ್ದರೆ ಮಾತು ಎಷ್ಟು ಬೇಗ ಮುಗಿಯುತ್ತದೆ!

ಭಾಷೆಯ ಬಗ್ಗೆ ಒಂದೇ ಮಾತು. ರೌಟರಿಗೆ ‘ಮಾರ್ಗಕಾರಕ’, ಯಂತ್ರಗಳನ್ನು ಕೇಬಲ್‌ನಿಂದ ಜೋಡಿಸುವ ಸ್ವಿಚ್ಚಿಗೆ ‘ಜಾಲಗುಂಡಿ’ ಎಂದು ಬರೆದಿದ್ದೀರಿ. ಕನ್ನಡದ ಮೇಲಿನ ಪ್ರೀತಿಯಿಂದ ಎಂದು ನನಗೆ ಗೊತ್ತು. ಆದರೆ ನಿಮ್ಮ ಹುಡುಗರು ಅಂಗಡಿಗೆ ಹೋಗಿ ಮಾರ್ಗಕಾರಕ ಕೊಡಿ ಎಂದು ಕೇಳಲಾರರು. ಅದೇ ನೀವು ಆ ಆರು ಸಾಲುಗಳಲ್ಲಿ ‘ಪ್ರಿಂಟರ್ ಇದ್ದ ಕಡೆ ಇರಲಿಲ್ಲ’ ಎಂದು ಬರೆದಿದ್ದೀರಲ್ಲ, ಅದು ಅಪ್ಪಟ ಕನ್ನಡ. ನನಗೆ ಬೇಕಾದ ಕನ್ನಡ ಅದು.

1,200 ಪದಗಳೊಳಗೆ ಮತ್ತೆ ಬರೆದು ಕಳಿಸಿ, ಬಂದ ವಾರದಲ್ಲೇ ಓದುತ್ತೇನೆ. ಬರೆಯುವ ಮೊದಲು ಒಂದನ್ನು ಪತ್ತೆ ಮಾಡಿ. ಅವತ್ತು ಪ್ರಿಂಟರ್ 9ಕ್ಕೆ ಹೋದಾಗ 5ರ ವಿಳಾಸ ಯಾವ ಕಂಪ್ಯೂಟರಿಗೆ ಸಿಕ್ಕಿತ್ತು? ಅರ್ಧ ದಿನ ಅಷ್ಟೂ ಹಾಲ್ ಟಿಕೆಟ್‌ಗಳು ಯಾರ ಬಾಗಿಲು ತಟ್ಟುತ್ತಿದ್ದವು?

ಇಂತಿ,
ಸಂಪಾದಕ