ಓದುಗರ ಪ್ರಶ್ನೆ: ಯುದ್ಧದಿಂದ ಊರು ಬಿಟ್ಟವರಿಗೆ ಚರ್ಚ್ ಹುಡುಕುವುದು ಹೇಗೆ?

ಪ್ರಶ್ನೆ: ನಾವು ಮಂಗಳೂರು ಕಡೆಯ ಕ್ಯಾಥೊಲಿಕರು, ಈಗ ಮ್ಯೂನಿಕ್‌ನಲ್ಲಿದ್ದೇವೆ. ಪಕ್ಕದ ಮನೆಯಾಕೆ 2022ರಲ್ಲಿ ಉಕ್ರೇನಿನ ಖೆರ್ಸೋನ್‌ನಿಂದ ಮಗನನ್ನು ಕಟ್ಟಿಕೊಂಡು ಬಂದವರು. ಗಂಡ ಯುದ್ಧದಲ್ಲಿ ತೀರಿಕೊಂಡರು. ತಾವು ಗ್ರೀಕ್ ಕ್ಯಾಥೊಲಿಕ್ ಅನ್ನುತ್ತಾರೆ. ನಮ್ಮ ಚರ್ಚಿಗೆ ನಾಲ್ಕು ವಾರ ಬಂದು ಬಿಟ್ಟುಬಿಟ್ಟರು. ಮಗನಿಗೆ ಒಂಬತ್ತು ವರ್ಷ, ಪ್ರಥಮ ಪರಮಪ್ರಸಾದಕ್ಕೆ ಸೇರಿಸಬೇಕು. ಜ್ಞಾನಸ್ನಾನದ ಪತ್ರ ಊರಲ್ಲೇ ಉಳಿದಿದೆ. ಏನು ಮಾಡಬಹುದು?

ಉತ್ತರ: ಗ್ರೀಕ್ ಕ್ಯಾಥೊಲಿಕ್ ಎಂದರೆ ಪೋಪ್ ಜೊತೆ ಐಕ್ಯದಲ್ಲಿರುವ, ಆದರೆ ಪೂಜಾವಿಧಿ ಬೇರೆಯಿರುವ ಸಭೆ. ನಮ್ಮ ಬೆಳ್ತಂಗಡಿಯ ಸಿರೋ ಮಲಬಾರ್ ಧರ್ಮಪ್ರಾಂತ್ಯವನ್ನು ನೆನೆಸಿಕೊಂಡರೆ ಅರ್ಥವಾಗುತ್ತದೆ. ನಿಮ್ಮಲ್ಲಿ ಅವರು ಪರಮಪ್ರಸಾದ ಸ್ವೀಕರಿಸಲು ಅಡ್ಡಿಯಿಲ್ಲ. ಎಷ್ಟು ವರ್ಷ ಬಂದರೂ ಅಷ್ಟಕ್ಕೇ ಅವರ ಸಭೆ ಬದಲಾಗುವುದೂ ಇಲ್ಲ.

ಹುಡುಗನ ವಿಷಯದಲ್ಲೇ ಎಡವಟ್ಟಾಗುವುದು. ಅವರ ವಿಧಿಯಲ್ಲಿ ಕೂಸಿಗೆ ಜ್ಞಾನಸ್ನಾನ ಕೊಟ್ಟಾಗಲೇ ತೈಲಲೇಪನದ ದೃಢೀಕರಣವೂ (ನಮ್ಮಲ್ಲಿ ದೊಡ್ಡವರಾದ ಮೇಲೆ ಕೊಡುವ ಸಂಸ್ಕಾರ) ಆಗಿರುತ್ತದೆ. ಎಷ್ಟೋ ಕಡೆ ಪರಮಪ್ರಸಾದವನ್ನೂ ಆಗಲೇ ಕೊಡುತ್ತಾರೆ. ಇದನ್ನು ತಿಳಿಯದೆ ಹದಿಹರೆಯದಲ್ಲಿ ಮತ್ತೆ ದೃಢೀಕರಣದ ಪಟ್ಟಿಗೆ ಹೆಸರು ಸೇರಿಸುತ್ತಾರೆ. ಜ್ಞಾನಸ್ನಾನ, ದೃಢೀಕರಣ ಇವೆರಡನ್ನೂ ಎರಡನೇ ಸಲ ಕೊಡುವಂತಿಲ್ಲ. ಸಹಪಾಠಿಗಳ ಜೊತೆ ತರಗತಿಗೆ ಕೂರಲಿ, ಆದರೆ ಅರ್ಜಿಯಲ್ಲಿ 'ಗ್ರೀಕ್ ಕ್ಯಾಥೊಲಿಕ್, ದೃಢೀಕರಣವಾಗಿದೆ' ಎಂದು ಈಗಲೇ ಬರೆಸಿ.

ಪತ್ರ ಇಲ್ಲವೆಂದು ಯಾರಾದರೂ ಹಿಂದೆ ಕಳಿಸಿದರೆ ಸುಮ್ಮನೆ ಬರಬೇಡಿ. ಬೇರೆಯವರ ಹಕ್ಕಿಗೆ ಧಕ್ಕೆಯಿಲ್ಲದಿದ್ದರೆ, ಜ್ಞಾನಸ್ನಾನ ಆಗಿದೆ ಎನ್ನಲು ನಂಬಲರ್ಹ ಸಾಕ್ಷಿ ಒಬ್ಬರಿದ್ದರೆ ಸಾಕು ಎಂದು ಚರ್ಚ್ ಕಾನೂನೇ ಹೇಳುತ್ತದೆ. ಜ್ಞಾನತಾಯಿಯೋ ಅಜ್ಜಿಯೋ ಚರ್ಚಿನ ಹೆಸರು, ಊರು, ಅಂದಾಜು ತಾರೀಖು ಬರೆದು ಸಹಿ ಹಾಕಲಿ. ಫೋನಿನಲ್ಲಿ ಅಂದಿನ ಫೋಟೊ ಇದ್ದರೆ ಜೊತೆಗಿಡಿ.

ಇನ್ನು ಅವರ ಸ್ವಂತ ಸಭೆ. ಜರ್ಮನಿಯ ಉಕ್ರೇನಿ ಗ್ರೀಕ್ ಕ್ಯಾಥೊಲಿಕರಿಗೆ 1959ರಿಂದ ಪ್ರತ್ಯೇಕ ಧರ್ಮಾಡಳಿತವಿದೆ, ಅದರ ಕೇಂದ್ರ ನಿಮ್ಮ ಮ್ಯೂನಿಕ್‌ನಲ್ಲೇ. ಎರಡನೇ ಮಹಾಯುದ್ಧದಲ್ಲಿ ನೆಲೆ ತಪ್ಪಿದವರು ಬೆಳೆಸಿದ ಸಮುದಾಯ ಅದು. ಮೊದಲ ಸಲ ನೀವೇ ಜೊತೆಗೆ ಹೋಗಿ. 'ಎಲ್ಲ ದೇವರಿಚ್ಛೆ', 'ಶತ್ರುವನ್ನು ಕ್ಷಮಿಸಿಬಿಡಿ' ಎಂಬ ಉಪದೇಶ ಮಾತ್ರ ಬೇಡ. ಹೊಸದಾಗಿ ಗಂಡನನ್ನು ಕಳೆದುಕೊಂಡವರು ಚರ್ಚ್ ಬಿಡಲು ಅಂಥ ಒಂದು ಮಾತು ಸಾಕಾಗುತ್ತದೆ. ಬದಲಿಗೆ, ಗಂಡನಿಗಾಗಿ ಪನಖಿದಾ ಇಟ್ಟುಕೊಳ್ಳುತ್ತೀರಾ ಎಂದು ಕೇಳಿ. ತೀರಿಕೊಂಡವರಿಗೆ ಒಂಬತ್ತನೇ ದಿನ, ನಲವತ್ತನೇ ದಿನ, ಆಮೇಲೆ ವರ್ಷಕ್ಕೊಮ್ಮೆ ಮಾಡುವ ಪ್ರಾರ್ಥನೆ ಅದು. ಹೆಸರು ಹೇಳಿ ಪ್ರಾರ್ಥಿಸಲೆಂದು ಪಾದ್ರಿಗೆ ಕೊಡುವ ಚೀಟಿಯಲ್ಲಿ ಜ್ಞಾನಸ್ನಾನದ ಹೆಸರಷ್ಟೇ ಬರೆಯಬೇಕು. ಬದುಕಿರುವವರ ಚೀಟಿ ಬೇರೆ, ಸತ್ತವರದು ಬೇರೆ. ಬಂಧುಗಳಲ್ಲಿ ಯಾರಾದರೂ ಕಾಣೆಯಾಗಿದ್ದರೆ ಆತುರದಿಂದ ಎರಡನೆಯದಕ್ಕೆ ಸೇರಿಸಬೇಡಿ.

ದುಡ್ಡಿನ ಮಾತೂ ಒಂದಿದೆ. ವಿಳಾಸ ನೋಂದಣಿಯಲ್ಲಿ ಧರ್ಮದ ಕಾಲಂ ಇರುತ್ತದೆ. 'ಕ್ಯಾಥೊಲಿಕ್' ಎಂದರೆ ಚರ್ಚ್ ತೆರಿಗೆ ಬರುತ್ತದೆ: ಬವೇರಿಯಾದಲ್ಲಿ ಆದಾಯ ತೆರಿಗೆಯ ಶೇ. 8, ಸಂಬಳದ್ದಲ್ಲ. ಆದಾಯ ತೆರಿಗೆಯೇ ಇಲ್ಲದವರಿಗೆ ಅವರ ಸಂಬಳದ ಲೆಕ್ಕದಲ್ಲಿ ಇದೂ ಇಲ್ಲ. ಮೊದಲೇ ಹೇಳಿಡಿ, ಸಂಬಳದ ಚೀಟಿ ನೋಡಿ ಗಾಬರಿಯಾಗುವುದು ತಪ್ಪುತ್ತದೆ. ವೀಸಾ, ಮನೆ, ಕೆಲಸದ ಕಾಗದಗಳಿಗೆ ಕಾರಿತಾಸ್ (ಕ್ಯಾಥೊಲಿಕರ ಸೇವಾಸಂಸ್ಥೆ) ಅಥವಾ ಡಿಯಾಕೋನಿಯ (ಪ್ರೊಟೆಸ್ಟಂಟರದು) ವಲಸಿಗರ ಸಲಹಾ ಕೇಂದ್ರಕ್ಕೆ ಕಳಿಸಿ. ಅಲ್ಲಿ ಧರ್ಮ ಕೇಳುವುದಿಲ್ಲ, ಸಲಹೆಗೆ ಹಣವೂ ಇಲ್ಲ.

ಪ್ರಶ್ನೆ: ಬರ್ಲಿನ್‌ನಲ್ಲಿ ನಮಗೆ ಪರಿಚಯದ ಉಕ್ರೇನಿ ಆರ್ಥೊಡಾಕ್ಸ್ ಕುಟುಂಬ ಮನೆ ಹತ್ತಿರದ ಆರ್ಥೊಡಾಕ್ಸ್ ಚರ್ಚಿಗೆ ಹೋಗಲು ಒಪ್ಪುತ್ತಿಲ್ಲ. ವಿಧಿ ಒಂದೇ ಅಲ್ಲವೇ?

ಉತ್ತರ: ವಿಧಿ ಒಂದೇ, ಆದರೆ ಹೋಗುವುದು ಬಿಡುವುದು ಪೂಜೆಯಲ್ಲಿ ಯಾವ ಧರ್ಮಾಧ್ಯಕ್ಷರ ಹೆಸರು ಹೇಳಿ ಪ್ರಾರ್ಥಿಸುತ್ತಾರೆ ಎಂಬುದರ ಮೇಲೆ ನಿಂತಿದೆ. ರಷ್ಯದ ಆರ್ಥೊಡಾಕ್ಸ್ ಸಭೆಯ ಮುಖ್ಯಸ್ಥ, ಮಾಸ್ಕೊದ ಪಿತೃಪ್ರಧಾನ ಕಿರಿಲ್ ಅವರು ಯುದ್ಧವನ್ನು ಬಹಿರಂಗವಾಗಿ ಬೆಂಬಲಿಸಿದವರು. ಅವರ ಹೆಸರು ಕೇಳಿಬರುವಲ್ಲಿ ನಿಲ್ಲಲು ಆ ಕುಟುಂಬಕ್ಕೆ ಆಗದಿರುವುದು ಸಹಜ. ಹೋಗುವ ಮೊದಲು ಫೋನ್ ಮಾಡಿ ಇದನ್ನೇ ನೇರವಾಗಿ ಕೇಳಿ. ಉಕ್ರೇನಿ ಸಮುದಾಯ ಸಿಗದಿದ್ದರೆ ಗ್ರೀಕ್ ಅಥವಾ ರೊಮೇನಿಯನ್ ಆರ್ಥೊಡಾಕ್ಸ್ ಚರ್ಚ್ ನೋಡಬಹುದು. ಹಬ್ಬದ ದಿನವನ್ನೂ ವಿಚಾರಿಸಿಕೊಳ್ಳಿ: 2025ರಲ್ಲಿ ಈಸ್ಟರ್ ಎಲ್ಲರಿಗೂ ಏಪ್ರಿಲ್ 20ಕ್ಕೇ ಬಂದಿತ್ತು, 2026ರಲ್ಲಿ ಆರ್ಥೊಡಾಕ್ಸರದು ಒಂದು ವಾರ ತಡವಾಗಿ ಏಪ್ರಿಲ್ 12ಕ್ಕೆ.