"ಈಗ ಶಾಂತ ಆಗ್ಯಾನ" ಅಂತ ಬರದೀರಲ್ಲ ಅಕ್ಕಾರ, ನನಗ ಅಂಜಿಕಿ ಬಂದದ್ದು ಆ ಮಾತಿಗೆ

ಮುಧೋಳ ಕಡೆಯಿಂದ ಒಬ್ಬ ಅವ್ವನ ಪತ್ರ ಬಂದೈತಿ. ಹೆಸರು, ಊರು ಹಾಕಂಗಿಲ್ಲ. ಬ್ಯಾರೆ ಪತ್ರ ಎಲ್ಲಾ ಬದಿಗಿಟ್ಟು ಇದಕ್ಕ ಮೊದಲ ಉತ್ತರ ಬರಿಯಾಕತ್ತೀನಿ, ಯಾಕಂದ್ರ ಇದು ಮುಂದಿನ ವಾರಕ್ಕ ಇಡೂವಂಥಾದ್ದಲ್ಲ.

ವಿಷಯ ಇಷ್ಟು. ಮಗಗ 16 ವರ್ಷ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗದ ಮ್ಯಾಲ ಜ್ವರ ಬಿಡಲಿಲ್ಲ, ಮೈಮ್ಯಾಲ ನೀಲಿ ಕಲಿ ಬಿದ್ವು, ಬೆಳಗಾವಿಗೆ ಕರಕೊಂಡು ಹೋಗಿ ತೋರಿಸಿದ್ರ ರಕ್ತದ ಕ್ಯಾನ್ಸರ್, ಎಎಲ್‌ಎಲ್ ಅಂದ್ರು. ಜೋರಿನ ಕೀಮೋ ಎಲ್ಲಾ ಮುಗದು ಈಗ ಮೇಂಟೆನೆನ್ಸ್ ನಡದೈತಿ, ಮನ್ಯಾಗ ಗುಳಗಿ, ತಿಂಗಳಿಗೊಮ್ಮೆ ಬೆಳಗಾವಿ. ವಾರ್ಡಿನ್ಯಾಗ ಇದ್ದಾಗ ಒಬ್ಬ ಸಿಸ್ಟರ್ ಅವನ ಕೈಯಾಗ ನೋಟ್‌ಬುಕ್ ಕೊಟ್ಟು, ಯಾರ ಮುಂದೂ ಹೇಳಾಕ ಆಗದ್ದು ಇದರಾಗ ಬರೀಪಾ ಅಂದಿದ್ರಂತ. ಹುಡುಗ ಬರಕೋತ ಬಂದ. ಮೊನ್ನೆ ಕಾಕಾ ನೋಡಾಕ ಬಂದವರು ತಲಿದಿಂಬಿನ ಕೆಳಗಿನ ಆ ನೋಟ್‌ಬುಕ್ ತಗದು ಪಡಸಾಲ್ಯಾಗ ನಾಲ್ಕು ಮಂದಿ ಮುಂದ ಜೋರಾಗಿ ಓದಿ, "ಸಾಯೂದು ಗೀಯೂದು ಅಂತ ಬರದ್ರ ಹಂಗ ಆಗ್ತೈತಿ, ಇದು ಅಪಶಕುನ" ಅಂದು ನಿಮ್ಮ ಕೈಗೆ ಕೊಟ್ರು. ನೀವು ತಿಜೋರಿಯಾಗ ಇಟ್ಟು ಕೀಲಿ ಹಾಕಿದ್ರಿ. ಹುಡುಗ ಒಮ್ಮೆ ಕೇಳಿದ್ದಕ್ಕ "ಕಳದೈತಿ" ಅಂದ್ರಿ. ಈಗ ನೀವು ಕೇಳೂದು: ಹೊಸಾದು ಕೊಡಸಲೇನು, ಕೊಡಿಸಿ ಅಂವ ಮಲಗಿದ ಮ್ಯಾಲ ನಾ ಒಬ್ಬಾಕಿನ ಓದಿದ್ರ ತಪ್ಪೇನ್ರಿ, ತಾಯಿ ಅದೀನಿ.

ಪತ್ರದಾಗ ಎರಡು ಪುಟ ಕಾಕಾನ ಮಾತು, ಅಪಶಕುನ, ಯಾವ ದೇವರಿಗೆ ಹರಕಿ ಹೊತ್ತೀರಿ, ಇದ ತುಂಬೈತಿ. ನಡುವ ಒಂದ ಸಾಲು ಬರದು ಮುಂದ ಹೋಗಿಬಿಟ್ಟೀರಿ, "ನೋಟ್‌ಬುಕ್ ತಗದ ಮ್ಯಾಲ ಹುಡುಗ ಶಾಂತ ಆಗ್ಯಾನ, ಊಟ ಅಂದ್ರ ಊಟ, ಗುಳಗಿ ಅಂದ್ರ ಗುಳಗಿ, ಮೊದಲಿನಂಗ ತಾಟು ತಳ್ಳಂಗಿಲ್ಲ, ಸಿಟ್ಟು ಮಾಡಂಗಿಲ್ಲ." ಚೊಲೋ ಆತು ಅನ್ನೂವಂಗ ಬರದೀರಿ.

ಚೊಲೋ ಆಗಿಲ್ಲ ಅಕ್ಕಾರ. 16 ವರ್ಷದ ಹುಡುಗ, ಅದೂ ಸ್ಟೀರಾಯ್ಡ್ ಗುಳಗಿ ನುಂಗೂ ಹುಡುಗ, ಹಿಂಗ ಒಮ್ಮೆಲೆ ಸುಮ್ಮನಾದ ಅಂದ್ರ ಅದನ್ನ ಶಾಂತಿ ಅಂತ ತಿಳಕೋಬ್ಯಾಡ್ರಿ. ಆ ಗುಳಗಿ ಭಾಳಷ್ಟು ಮಂದಿಗೆ ತಿಂಗಳಿಗೆ 5 ದಿನ ಕೊಡ್ತಾರ, ಆ ದಿನದಾಗ ಹಸಿವು ತಡಿಯಂಗಿಲ್ಲ, ಮಾರಿ ಊದತೈತಿ, ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರತೈತಿ, ಒಬ್ಬೊಬ್ಬರಿಗೆ ಸಿಟ್ಟಿನ ಬದಲಿ ಮನಸ್ಸ ಕುಗ್ಗಿ ಹೋಗತೈತಿ. ತಾಟು ತಳ್ಳಿದ್ದು ಔಷಧದ ಸಿಟ್ಟು, ಅದರಾಗ ಅವನ ತಪ್ಪೇನೂ ಇಲ್ಲ. ಆದ್ರ ಈಗಿನ ಸುಮ್ಮನಿರೂದು ಔಷಧದ್ದೋ, ನೋಟ್‌ಬುಕ್ ಹೋಗಿದ್ದಕ್ಕೋ, ಎರಡೂ ಸೇರಿನೋ, ಅದನ್ನ ಡಾಕ್ಟರ್ ನೋಡಬೇಕು, ಕಾಕಾ ಅಲ್ಲ. ಈ ಸಲ ಬೆಳಗಾವಿಗೆ ಹೋದಾಗ ಜ್ವರ, ವಾಂತಿ, ರಕ್ತದ ರಿಪೋರ್ಟ್ ಹೇಳಿದಂಗ ಇದನ್ನೂ ಹೇಳ್ರಿ, "ಹುಡುಗ ಮಾತು ಬಿಟ್ಟಾನ" ಅಂತ. ಅದೂ ಒಂದು ಲಕ್ಷಣನ ಐತಿ.

ಇನ್ನೊಂದು ನೀವ ಬರದೀರಿ, ಕಾಕಾ ಓದುವಾಗ ಹುಡುಗ ಒಳಗಿನ ಖೋಲ್ಯಾಗ ಮಲಗಿದ್ದ ಅಂತ. ಹಳ್ಳಿ ಮನಿ, ಪಡಸಾಲಿಗೂ ಖೋಲಿಗೂ ನಡುವ ಒಂದು ಪರದೆ ಇದ್ದೀತು. ಅಂವ ಮಲಗಿದ್ನೋ, ಕಣ್ಣು ಮುಚ್ಚಿ ಎಲ್ಲಾ ಕೇಳಕೋತ ಬಿದ್ದಿದ್ನೋ? ಕೇಳ್ಯಾನ ಅಂತ ನಾ ನಂಬ್ತೀನಿ. ಅಂದ್ರ "ಕಳದೈತಿ" ಅಂತ ನೀವು ಹೇಳಿದಾಗ ಅದು ಸುಳ್ಳು ಅಂತ ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಹೂಂ ಅಂದ. ಈಗ ಆ ಮನ್ಯಾಗ ಖರೇ ಮಾತು ಆಡೋ ಜಾಗ ಅವನಿಗೆ ಎಲ್ಲಿ ಉಳೀತು?

ನಾ ಈ ಅಂಕಣದಾಗ ಎಷ್ಟೋ ಸಲ ಬರದೀನಿ, ಮತ್ತ ಬರೀತೀನಿ, ನಮ್ಮ ಕಡೆ ಮನಿಗಳಾಗ ಮಕ್ಕಳಿಗೆ ತಮ್ಮದು ಅನ್ನೂ ಒಂದು ಮೂಲಿನೂ ಇರಂಗಿಲ್ಲ. ಅದ್ರಾಗ ಜಡ್ಡು ಬಿದ್ದ ಮಕ್ಕಳಿಗಂತೂ ತಮ್ಮ ಮೈನೂ ತಮ್ಮದಲ್ಲ. ದಿನಾ ಒಬ್ಬರು ಬಂದು ಸೂಜಿ ಚುಚ್ಚತಾರ, ತೂಕ ನೋಡ್ತಾರ, ಬೆನ್ನಾಗಿಂದ ನೀರು ತಗೀತಾರ, ಅಂಗಿ ಬಿಚ್ಚಸ್ತಾರ, ಉಚ್ಚಿ ಎಷ್ಟು ಹೊಯ್ದಿ ಅಂತ ಎಲ್ಲಾರ ಮುಂದ ಕೇಳ್ತಾರ. ಊರಾನ ಮಂದಿ ಬಂದು ಕೂದಲಿಲ್ಲದ ತಲಿ ಸವರಿ ಅಯ್ಯೋ ಪಾಪ ಅಂತಾರ. ಯಾರೂ ಮುಟ್ಟದಂಥಾದ್ದು ಆ ಹುಡುಗಗ ಒಂದ ಇತ್ತು, ಇನ್ನೂರು ಪುಟದ ಒಂದು ನೋಟ್‌ಬುಕ್. ಅದನ್ನೂ ಓದಿ ಕೀಲಿ ಹಾಕಿದ್ರಿ.

ಈಗ ಅಂವ ಬರದಿದ್ದು ನೋಡೂಣು. ಕಾಕಾ ಅಪಶಕುನ ಅಂದ ಮೂರು ಸಾಲು ನೀವ ಕಳಸೀರಿ. ಒಂದು, "ಅಪ್ಪ ಎತ್ತು ಮಾರಿದ್ದು ನನ್ನ ಸಲುವಾಗಿ, ನನಗ ಹೇಳಿಲ್ಲ, ಆದ್ರ ಗ್ವಾದ್ಲಿ ಖಾಲಿ ಐತಿ, ನಾ ನೋಡೀನಿ." ಎರಡು, "ಅವ್ವ ಬಚ್ಚಲದಾಗ ನಳ ಬಿಟ್ಟು ಅಳ್ತಾಳ, ನಳದ ಸಪ್ಪಳಕ್ಕ ಕೇಳಂಗಿಲ್ಲ ಅಂದ್ಕೊಂಡಾಳ." ಮೂರು, "ನಾ ಸತ್ರ ಮೊಬೈಲ್ ತಮ್ಮಗ ಕೊಡ್ರಿ, ಆದ್ರ ಲಾಕ್ ನಂಬರ್ ಹೇಳಂಗಿಲ್ಲ, ಅಂವ ಭಾಳ ಚಾಷ್ಟಿ ಮಾಡ್ಯಾನ."

ಇದರಾಗ ಅಪಶಕುನ ಎಲ್ಲೈತಿ? ನಿಮ್ಮನ್ನ ಇಷ್ಟು ಸಮೀಪದಿಂದ ನೋಡಿದ ಹುಡುಗ, ನಿಮ್ಮ ಮಾರಿ ಮುಂದ ಹೇಳಿದ್ರ ನಿಮಗ ನೋವಾಗತೈತಿ ಅಂತ ತಿಳಿದು ಹಾಳಿ ಮ್ಯಾಲ ಇಟ್ಟಾನ. ತಮ್ಮನ ಮ್ಯಾಲಿನ ಸಿಟ್ಟಿನ್ಯಾಗೂ ಮೊಬೈಲ್ ಅವನಿಗೇ ಕೊಡ್ರಿ ಅಂದಾನ. ಎಎಲ್‌ಎಲ್ ಮಕ್ಕಳಿಗೆ ಬರೋ ಕ್ಯಾನ್ಸರ್‌ನ್ಯಾಗ ಎಲ್ಲಕ್ಕಿಂತ ಹೆಚ್ಚು ಕಾಣೂವಂಥಾದ್ದು, ಪೂರ್ತಿ ಟ್ರೀಟ್‌ಮೆಂಟ್ ತಗೊಂಡ್ರ ಭಾಳಷ್ಟು ಮಕ್ಕಳು ಗುಣ ಆಗ್ತಾರ, ಆದ್ರ ಅದಕ್ಕ ಎರಡರಿಂದ ಮೂರು ವರ್ಷ ಬೇಕು, ಅಷ್ಟು ದಿನ ಸಾವಿನ ವಿಚಾರ ತಲ್ಯಾಗ ಬರದಂಗ ಇರಾಕ ಯಾವ ಹುಡುಗನ ಕೈಲೂ ಆಗಂಗಿಲ್ಲ. ವಾರ್ಡಿನ್ಯಾಗ ಬಾಜೂ ಕಾಟಿನ ಹುಡುಗ ಒಂದಿನ ಕಾಣದಂಗ ಆಗಿರ್ತಾನ, ದೊಡ್ಡವ್ರು "ಊರಿಗೆ ಹೋದ" ಅಂತಾರ, ಮಕ್ಕಳು ಅದನ್ನ ನಂಬ್ತಾರಂತ ತಿಳದೀರೇನು? ಬರದ್ದಕ್ಕ ಸಾವು ಬರಂಗಿಲ್ಲ. ತಲ್ಯಾಗ ಮೊದಲ ಇದ್ದದ್ದು ಹಾಳಿಗೆ ಬಂತು, ಅಷ್ಟ.

ಬರಿಯೂದರಿಂದ ಏನಾಗತೈತಿ ಅಂತ ನೋಡಿದವ್ರೂ ಅದಾರ. ಅಮೇರಿಕಾದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅನ್ನಾವ್ರು ಸಾಂಡ್ರಾ ಬೀಲ್ ಜೋಡಿ ಸೇರಿ 1986ರಾಗ ಒಂದು ಅಧ್ಯಯನ ಛಾಪಿಸಿದ್ರು. ಕಾಲೇಜ್ ಹುಡುಗರಿಗೆ ದಿನಕ್ಕ 15 ನಿಮಿಷದಂಗ ಸಾಲಾಗಿ 4 ದಿನ, ಜೀವನದಾಗ ಭಾಳ ನೋವು ಕೊಟ್ಟದ್ದನ್ನ ಬರೀರಿ, ವ್ಯಾಕರಣ ನೋಡಬ್ಯಾಡ್ರಿ, ನಿಮ್ಮ ಗುಟ್ಟು ಗುಟ್ಟಾಗಿ ಉಳೀತೈತಿ ಅಂತ ಹೇಳಿ ಬರೆಸಿದ್ರು. ಬರದ ಕೂಡ್ಲೆ ಹುಡುಗರ ಮನಸ್ಸು ಇನ್ನೂ ಭಾರ ಆಗಿತ್ತು. ಆದ್ರ ಮುಂದಿನ ತಿಂಗಳುಗಳಾಗ, ಏನರ ಸುಮ್ನ ಬರದವರಿಗಿಂತ, ಘಟನೆ ಜೋಡಿ ಮನಸ್ಸಿನ ನೋವನ್ನೂ ಬರದವ್ರು ದವಾಖಾನಿಗೆ ಹೋಗಿದ್ದು ಕಮ್ಮಿ. ಅದಾದ ಮ್ಯಾಲ ಅಸ್ತಮಾ, ಸಂಧಿವಾತ, ಕ್ಯಾನ್ಸರ್ ಇದ್ದವರ ಮ್ಯಾಲೂ ಮಾಡಿ ನೋಡ್ಯಾರ, ಕ್ಯಾನ್ಸರ್‌ನ್ಯಾಗ ಕೆಲವು ಕಡೆ ಉಪಯೋಗ ಕಂಡೈತಿ, ಕೆಲವು ಕಡೆ ಕಂಡಿಲ್ಲ. ಅಂದ್ರ ಇದು ಔಷಧ ಅಲ್ಲ, ಬರದ್ರ ರಕ್ತದ ಕ್ಯಾನ್ಸರ್ ಗುಣ ಆಗಂಗಿಲ್ಲ, ಹಂಗಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಉಪಯೋಗ ಸಣ್ಣದು. ಆದ್ರ ಆ ಸಣ್ಣ ಉಪಯೋಗನೂ ನಿಂತಿದ್ದು ಗುಟ್ಟು ಉಳೀತೈತಿ ಅನ್ನೂ ಭರೋಸೆ ಮ್ಯಾಲ. ಅವ್ವ ರಾತ್ರಿ ಓದ್ತಾಳ ಅಂತ ಗೊತ್ತಾದ ಕೂಡ್ಲೆ ಹುಡುಗ "ಇವತ್ತು ಆರಾಮ ಇದ್ದೆ" ಅಂತ ನಿಮ್ಮ ಸಲುವಾಗಿ ಬರಿಯಾಕ ಸುರು ಮಾಡ್ತಾನ.

ಅದಕ್ಕ ನಿಮ್ಮ ಪ್ರಶ್ನೆಗೆ ಉತ್ತರ: ತಪ್ಪು. ತಾಯಿ ಇದ್ರೂ ತಪ್ಪು.

ನಿಮಗ ನೋಟ್‌ಬುಕ್ ಬೇಕಂದ್ರ ನಿಮ್ಮದ ಒಂದು ಬ್ಯಾರೆ ಇಡ್ರಿ. ಅದರಾಗ ಜ್ವರ, ದಿನದ ಮರ್ಕ್ಯಾಪ್ಟೊಪ್ಯೂರಿನ್ ಗುಳಗಿ, ವಾರದ ಮೆಥೊಟ್ರೆಕ್ಸೇಟ್, ಕೌಂಟ್ (ರಕ್ತದಾಗಿನ ಕಣಗಳ ಲೆಕ್ಕ) ಎಷ್ಟಿತ್ತು, ಇಷ್ಟು ಬರೀರಿ, ಅಡುಗಿಮನ್ಯಾಗ ಮೊಳಿಗೆ ತೂಗಹಾಕ್ರಿ, ಎಲ್ಲಾರೂ ಓದ್ಲಿ. ಜ್ವರ 100.4 ಡಿಗ್ರಿ ಮುಟ್ಟಿತು ಅಂದ್ರ ಮುಂಜಾನೆ ತನಕ ಕಾಯಬ್ಯಾಡ್ರಿ, ರಾತ್ರೋರಾತ್ರಿ ದವಾಖಾನಿಗೆ ಫೋನ್ ಹಚ್ಚಿ ಹೊಂಡ್ರಿ. ಗುಳಗಿ ಎದುರಿಗೇ ಕುಂತು ಕೊಡ್ರಿ, ಯಾಕಂದ್ರ ಈ ವಯಸ್ಸಿನವ್ರು ಬೇಸತ್ತು ಗುಟ್ಟಾಗಿ ಗುಳಗಿ ಬಿಡೂದು ಐತಿ, ಬಿಟ್ರ ರೋಗ ತಿರುಗಿ ಬರೋ ಅಪಾಯ ಹೆಚ್ಚು. "ಗುಳಗಿ ಅಂದ್ರ ಗುಳಗಿ" ಅಂತೀರಿ, ನುಂಗಿದ್ದು ನೋಡೀರಿ ಹೌದಲ್ಲೋ?

ನೀವು ಓದಾಕ ಹಠ ಹಿಡದಿದ್ದು ಯಾಕ ಅಂತ ನನಗ ತಿಳೀತೈತಿ, ಹುಡುಗ ಏನರ ಮಾಡಿಕೊಂಡಾನು ಅಂತ ಅಂಜಿಕಿ. ಆ ಅಂಜಿಕಿ ಸುಳ್ಳಲ್ಲ. ಅದಕ್ಕ ಕದ್ದು ಓದೂದು ಬ್ಯಾಡ, ಎದುರಿಗೆ ಕುಂತು ಕೇಳ್ರಿ, "ಸಾಯಬೇಕು ಅನಸ್ತದೇನಪಾ ನಿನಗ?" ಅಂತ ಸೀದಾ ಕೇಳ್ರಿ. ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹೊಕ್ಕೀತು ಅಂತ ಭಾಳ ಮಂದಿ ತಿಳದಾರ, ಹಂಗ ಆಗಂಗಿಲ್ಲ, ಕೇಳಿದವರ ಮುಂದ ಹುಡುಗರು ಹಗರ ಆಗ್ತಾರ. ಹೌದು ಅಂದ್ರ, ಇಲ್ಲಾ ಗುಳಗಿ ಬ್ಯಾಡ ಅಂದ್ರ, ತನ್ನ ಸಾಮಾನು ಈಗ ಹಂಚಾಕ ಸುರು ಮಾಡಿದ್ರ, ಅವತ್ತ ಅವನ್ನ ಒಬ್ಬನ್ನ ಬಿಡಬ್ಯಾಡ್ರಿ, ಡಾಕ್ಟರಿಗೆ ಹೇಳ್ರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಹಚ್ರಿ, ಹಗಲು ರಾತ್ರಿ ಇರ್ತೈತಿ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ. ಧಾರವಾಡದ ಮಾನಸಿಕ ಆರೋಗ್ಯದ ದವಾಖಾನಿ ಡಿಮ್ಹಾನ್ಸ್ ದೂರಿಲ್ಲ.

ಯಜಮಾನ್ರ ಮ್ಯಾಲ ನನಗ ಸಿಟ್ಟಿಲ್ಲ, ಎತ್ತು ಮಾರಿದ ಮನಷ್ಯಾ ಬಾಯಿಬಿಟ್ಟು ಮಾತಾಡಾಕ ಎಲ್ಲಿಂದ ಬರಬೇಕು. ನಿಮ್ಮ ಮ್ಯಾಲೂ ಇಷ್ಟರ ಮ್ಯಾಲ ಇಲ್ಲ. ಸಿಟ್ಟು ಇರೂದು ಕಾಕಾನ ಮ್ಯಾಲ. ಕೌಂಟ್ ಕಮ್ಮಿ ಇರೋ ಹುಡುಗನ ಖೋಲಿಗೆ ಕೈ ತೊಳಿಯದ, ಮಾಸ್ಕ್ ಹಾಕದ ಹೊಕ್ಕು, ಅವನ ದಿಂಬಿನ ಕೆಳಗ ಕೈ ಹಾಕಿ, ಮಂದಿ ಮುಂದ ಅವನ ಎದಿ ಬಿಚ್ಚಿ ಓದೂದು ಅಂದ್ರ ಅದು ಪ್ರೀತಿ ಅಲ್ಲ, ಕಾಳಜಿನೂ ಅಲ್ಲ. ಇಂಥಾವ್ರು ನಮ್ಮ ಪ್ರತಿ ಮನ್ಯಾಗ ಒಬ್ಬರು ಅದಾರ, ಹಿರೇರು ಅಂತ ಸುಮ್ನ ಬಿಡ್ತೀವಿ.

ನೀವು ಮಾಡೂದು ಒಂದ. ಇವತ್ತ, ಈ ಪತ್ರ ಓದಿದ ದಿನಾನ, ತಿಜೋರಿ ಕೀಲಿ ತಗದು ಅದ ಹಳೇ ನೋಟ್‌ಬುಕ್ ಅವನ ಕೈಯಾಗ ಕೊಡ್ರಿ. ಹೊಸಾದಲ್ಲ, ಅದನ್ನ. ಕೊಟ್ಟು, "ಕಳದಿರಲಿಲ್ಲ, ನಾನ ತಗದಿಟ್ಟಿದ್ದೆ, ತಪ್ಪಾತು, ಇನ್ನ ಯಾರೂ ಓದಂಗಿಲ್ಲ" ಅಂತ ಹೇಳ್ರಿ. ಅಳಬ್ಯಾಡ್ರಿ, ಅತ್ತರ ಮತ್ತ ಅಂವ ನಿಮ್ಮನ್ನ ಸಮಾಧಾನ ಮಾಡಬೇಕಾಗತೈತಿ. ಬೈದ್ರ ಬೈಸ್ಕೋರಿ. ಅಂವ ಅದನ್ನ ಹರದು ಒಗದ್ರೂ ಸುಮ್ನಿರ್ರಿ, ಅದು ಅವನದು. ತಿಜೋರಿಯಾಗ ಒಂದು ಖಾನೆ ಅವನಿಗೆ ಬಿಟ್ಟು ಅದರ ಕೀಲಿನೂ ಕೊಡ್ರಿ. ದಿನಾ ಬರೀ ಅಂತ ಬೆನ್ನು ಹತ್ತಬ್ಯಾಡ್ರಿ, ಬರದ್ರ ಬರೀಲಿ ಬಿಟ್ರ ಬಿಡ್ಲಿ. ಕೀಮೋದಾಗಿನ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ತಗೊಂಡ ಕೆಲವರಿಗೆ ಬೆರಳು ಜೋಮು ಹಿಡದು ಪೆನ್ನು ನಿಲ್ಲಂಗಿಲ್ಲ, ಹಂಗೇನರ ಇದ್ರ ಡಾಕ್ಟರಿಗೆ ಹೇಳ್ರಿ, ಅಲ್ಲೀತನಕ ಮೊಬೈಲ್‌ನ್ಯಾಗ ಮಾತಾಡಿ ರೆಕಾರ್ಡ್ ಮಾಡ್ಲಿ, ಅದರ ಲಾಕ್ ನಂಬರೂ ಕೇಳಬ್ಯಾಡ್ರಿ.

ಕಾಕಾ ಮತ್ತ ಬಂದ್ರ ಪಡಸಾಲ್ಯಾಗ ಚಹಾ ಕುಡದು ಹೋಗ್ಲಿ. ಖೋಲಿ ಒಳಗ ಬಿಡೂದು ಹುಡುಗ ಕರದ್ರ ಅಷ್ಟ, ಅದೂ ಕೈ ತೊಳಕೊಂಡು.