ವಾರಕ್ಕೊಂದು ತಮಾಷೆಯ ಪೋಲ್: ಎಂಥ ಪ್ರಶ್ನೆ ಕೇಳಿದರೆ ಜನ ವೋಟ್ ಹಾಕುತ್ತಾರೆ?

ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪ್ರತಿ ಭಾನುವಾರ ಒಂದು ಪೋಲ್ ಹಾಕುತ್ತೇನೆ, ನಾಲ್ಕೈದು ಜನ ಬಿಟ್ಟರೆ ಯಾರೂ ತಿರುಗಿ ನೋಡಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಎರಡು ವರ್ಷದಿಂದ ನಮ್ಮ ಗ್ರೂಪಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಸಂಬಳ ಇಲ್ಲ, ಬೈಗುಳ ಇದೆ.

ಶುರುವಿನಲ್ಲಿ ನನ್ನದೂ ನಿಮ್ಮದೇ ಕಥೆ. ‘ನಿಮಗೆ ಮಳೆಗಾಲ ಇಷ್ಟವೋ ಚಳಿಗಾಲವೋ’ ಅಂತ ಕೇಳಿದ್ದೆ. ಬಂದದ್ದು 7 ವೋಟು, ಅದರಲ್ಲಿ ಒಂದು ನನ್ನದು, ಇನ್ನೊಂದು ನಮ್ಮ ಮನೆಯವರದು. ಇಷ್ಟ ಯಾವುದು ಅಂತ ಕೇಳಿದರೆ ಕೂತು ಯೋಚನೆ ಮಾಡಬೇಕು, ಭಾನುವಾರ ಬೆಳಿಗ್ಗೆ ಅದು ಯಾರಿಗೆ ಬೇಕು? ದಿನಾ ಮಾಡುವ ಕೆಲಸದ ಬಗ್ಗೆ ಕೇಳಿ. ಅದರಲ್ಲೂ ಎಲ್ಲರೂ ಮಾಡುವ, ಆದರೆ ಯಾರೂ ಹೇಳಿಕೊಳ್ಳದ ಕೆಲಸ.

ನಾನು ಕೇಳಿದ್ದು ಇಷ್ಟೇ: ಹಾಲಿನ ಪ್ಯಾಕೆಟ್ ಖಾಲಿ ಆದ ಮೇಲೆ ಒಳಗೆ ಚೂರು ನೀರು ಬಿಟ್ಟು, ಕುಲುಕಿ, ಆ ನೀರನ್ನೂ ಪಾತ್ರೆಗೇ ಸುರಿಯುತ್ತೀರಾ? ಆಯ್ಕೆ ಮೂರು. ‘ಹೌದು, ದಿನಾ’, ‘ಇಲ್ಲಪ್ಪ’, ‘ಅತ್ತೆ ನೋಡುತ್ತಿದ್ದರೆ ಮಾತ್ರ’. ಹತ್ತು ನಿಮಿಷ ಸದ್ದಿಲ್ಲ. ಆಮೇಲೆ ಮೂರನೇ ಮಹಡಿಯ ಅಜ್ಜಿ, ಗುಡ್ ಮಾರ್ನಿಂಗ್ ಹೂವು ಬಿಟ್ಟು ಬೇರೇನೂ ಹಾಕದವರು, ಮೊದಲನೆಯದನ್ನು ಒತ್ತಿ, ‘ಆ ನೀರಲ್ಲೇ ಅಲ್ವಾ ಕೆನೆ ಇರೋದು’ ಅಂತ ಕೆಳಗೆ ಬರೆದರು. ಮಧ್ಯಾಹ್ನ ಊಟದ ಹೊತ್ತಿಗೆ 48 ವೋಟು! ಜತೆಗೆ, ಪ್ಯಾಕೆಟ್ ಮೂಲೆಯನ್ನು ಪೂರ್ತಿ ಕತ್ತರಿಸಬೇಕೋ ಚೂರು ಅಂಟಿಕೊಂಡಿರುವ ಹಾಗೆ ಬಿಡಬೇಕೋ ಅಂತ ಹೊಸ ಜಗಳ ಬೇರೆ. ಅದೇ ಮುಂದಿನ ವಾರದ ಪೋಲ್ ಆಯಿತು. (ಅಂಟಿಕೊಂಡೇ ಇರಲಿ. ಸಿಂಕಿನ ಜಾಲರಿಗೆ ಬಂದು ಕೂರುವುದು ಆ ತುಂಡೇ.)

ಆ ಮೂರನೇ ಆಯ್ಕೆ ಇದೆಯಲ್ಲ, ತಪ್ಪೊಪ್ಪಿಗೆಯಂಥದ್ದು, ಅದೊಂದು ಇರಲೇಬೇಕು. ವಾಟ್ಸ್‌ಆ್ಯಪ್ 12 ಆಯ್ಕೆ ಕೊಡಲು ಬಿಡುತ್ತದೆ ಅಂತ ಹನ್ನೆರಡನ್ನೂ ತುಂಬಬೇಡಿ, ಜನ ಹೋಟೆಲ್ ಮೆನು ನೋಡಿದ ಹಾಗೆ ನೋಡಿ ಮುಂದೆ ಹೋಗುತ್ತಾರೆ. ಒಂದಕ್ಕಿಂತ ಜಾಸ್ತಿ ಉತ್ತರ ಒತ್ತಲು ಬಿಡುವ ಗುಂಡಿಯನ್ನು ಆಫ್ ಮಾಡಿ, ಇಲ್ಲದಿದ್ದರೆ ಎಲ್ಲರನ್ನೂ ಖುಷಿಪಡಿಸುವವರು ಎಲ್ಲದಕ್ಕೂ ಒತ್ತುತ್ತಾರೆ.

ಒಂದು ಎಚ್ಚರಿಕೆ. ಅಲ್ಲಿ ಯಾರು ಯಾವುದಕ್ಕೆ ಹಾಕಿದರು ಅಂತ ಹೆಸರು ಕಾಣುತ್ತದೆ. ನಾನು ಅದನ್ನು ಮರೆತು ‘ರಾತ್ರಿ ಪಾತ್ರೆ ತೊಳೆಯುವುದು ಯಾರು’ ಅಂತ ಕೇಳಿಬಿಟ್ಟೆ. ಒಬ್ಬರು ಹೆಮ್ಮೆಯಿಂದ ‘ನಾನೇ’ ಅಂದರು. ಸ್ವಲ್ಪ ಹೊತ್ತಿಗೆ ಅವರ ಹೆಂಡತಿಯದೂ ‘ನಾನೇ’. ಐದು ನಿಮಿಷಕ್ಕೆ ಯಜಮಾನರ ವೋಟು ಮಾಯ. ಈಗಲೂ ಲಿಫ್ಟಿನಲ್ಲಿ ಸಿಕ್ಕರೆ ಅವರು ಫೋನ್ ನೋಡುತ್ತಾ ನಿಲ್ಲುತ್ತಾರೆ, ನಾನು ಮಹಡಿ ನಂಬರ್ ನೋಡುತ್ತಾ ನಿಲ್ಲುತ್ತೇನೆ. ಇಂಥ ಪ್ರಶ್ನೆ ಕೇಳಲೇಬೇಕು ಅಂತಿದ್ದರೆ ಟೆಲಿಗ್ರಾಂ ವಾಸಿ, ಅಲ್ಲಿ ಹೆಸರು ಮುಚ್ಚಿಡಬಹುದು.

ಇನ್ನು, ಫಲಿತಾಂಶ ಹಿಡಿದುಕೊಂಡು ವಾದಕ್ಕೆ ಬರುವವರು ಇರುತ್ತಾರೆ. ಉಪ್ಪಿಟ್ಟನ್ನು ಕಾಂಕ್ರೀಟ್ ಅನ್ನುವವರ ಕಡೆ ಜಾಸ್ತಿ ವೋಟು ಬಿದ್ದಾಗ, ಒಬ್ಬರು ಇಡೀ ಕರ್ನಾಟಕವೇ ಉಪ್ಪಿಟ್ಟಿನ ವಿರೋಧಿ ಅಂತ ತೀರ್ಪು ಕೊಟ್ಟರು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನಕ್ಕೆ ಚೀಟಿ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಎಣಿಸಿ, ಅಲ್ಲಿನ ಅಧ್ಯಕ್ಷರ ಚುನಾವಣೆಯಲ್ಲಿ ಲ್ಯಾಂಡನ್ ಅನ್ನುವವರು ಗೆಲ್ಲುತ್ತಾರೆ ಅಂದಿತ್ತು. ಗೆದ್ದದ್ದು ರೂಸ್‌ವೆಲ್ಟ್, ಲ್ಯಾಂಡನ್‌ಗೆ ಸಿಕ್ಕಿದ್ದು ಎರಡೇ ರಾಜ್ಯ. ಅಂಥವರದೇ ಆ ಗತಿ, ನಮ್ಮ 48 ವೋಟಿಗೆ ಉಪ್ಪಿಟ್ಟು ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಈ ಭಾನುವಾರಕ್ಕೆ ಏನೂ ಹೊಳೆಯದಿದ್ದರೆ ಇದನ್ನು ಹಾಕಿ: ಪಕ್ಕದ ಮನೆಯವರು ತಿಂಡಿ ಕೊಟ್ಟ ಸ್ಟೀಲ್ ಡಬ್ಬಿಯನ್ನು ಹೇಗೆ ವಾಪಸ್ ಕೊಡುತ್ತೀರಿ? ‘ಏನಾದರೂ ತುಂಬಿಸಿ’, ‘ತೊಳೆದು ಖಾಲಿ’, ‘ಯಾವ ಡಬ್ಬಿ?’ ನಮ್ಮಲ್ಲಿ ಇದನ್ನು ಹಾಕಿದ ಮರುದಿನ ನನ್ನ ಎರಡು ಡಬ್ಬಿ ಮನೆಗೆ ಬಂದವು. ಒಂದರಲ್ಲಿ ಕೋಡುಬಳೆಯೂ ಇತ್ತು.